ನಾಲ್ಕು ಬೆರಳು ಮೂಗು

ಮೊನ್ನೆ ಬಾಗಿಲಿಗೆ ಬಣ್ಣ ಬಳಿಯಲು ಬಂದವನು ಅಗಸೆ ಎಣ್ಣೆಯ ಡಬ್ಬಿ ತೆರೆದ. ಆ ವಾಸನೆ ಬಡಿದದ್ದೇ ತಡ, ನಾನು ಹುಬ್ಬಳ್ಳಿಯ ನಮ್ಮ ಹಳೆಯ ಚಾಳಿನ ಅಂಗಳದಲ್ಲಿದ್ದೆ. ಎದುರು ಮನೆಯ ಪೇಂಟರ್ ಕಾಕಾ ಧೋತರ ಮೇಲಕ್ಕೆ ಕಟ್ಟಿ, ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿ, ತೊಟ್ಟಿಲಿನಷ್ಟು ದೊಡ್ಡ ಕಣ್ಣೊಂದಕ್ಕೆ ರೆಪ್ಪೆ ಬರೆಯುತ್ತಿದ್ದರು...

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಕುಬುಸ, ಅಂಗಿ ಹೊಲಿಯುತ್ತಿದ್ದೆ. ಕಾಕಾ ಅಂಗಡಿಗಳ ಬೋರ್ಡು, ಟಾಂಗಾಗಳ ನಂಬರು ಬರೆಯುತ್ತಿದ್ದರು. ಸ್ಟೇಷನ್ ರಸ್ತೆಯ ಟಾಕೀಸಿನವರು ಸಿನಿಮಾದ ಬ್ಯಾನರುಗಳನ್ನು ಕೊಲ್ಲಾಪುರದಿಂದ ತರಿಸುತ್ತಿದ್ದರು. ಊರವರ ಕೈಯಲ್ಲಿ ಅಷ್ಟು ದೊಡ್ಡ ಚಿತ್ರ ಆಗದು ಎಂದು ಅಲ್ಲಿನ ಮ್ಯಾನೇಜರ ನಂಬಿಕೆ. ಕಾಕಾ ಎರಡು ವರ್ಷ ಅವರ ಬೆನ್ನು ಬಿದ್ದು ಒಂದೇ ಒಂದು ಬ್ಯಾನರು ಗಿಟ್ಟಿಸಿಕೊಂಡರು. ಮೂರಾಳೆತ್ತರದ ನಾಯಕಿಯ ಮುಖ. ಅದು ಕೆಟ್ಟರೆ ಜೀವನವಿಡೀ ಟಾಂಗಾದ ನಂಬರೇ ಗತಿ.

ನಮ್ಮ ಅಂಗಳವೋ, ನಾಲ್ಕು ಹೊರಸು ಮಂಚ ಹಾಕಿದರೆ ತುಂಬಿಹೋಗುತ್ತಿತ್ತು. ಹಾಗಾಗಿ ಒಂದು ಬಟ್ಟೆಯ ಮೇಲೆ ಅರ್ಧ ಮುಖ ಬರೆದು, ಒಣಗಿಸಿ, ಸುತ್ತಿಟ್ಟು, ಆಮೇಲೆ ಇನ್ನೊಂದರ ಮೇಲೆ ಉಳಿದರ್ಧ. ಇಡೀ ಮುಖ ಇದ್ದದ್ದು ಅಳತೆಗೆಂದು ಚೌಕ ಎಳೆದ ಅಂಗೈಯಗಲದ ಫೋಟೋದಲ್ಲಿ ಮಾತ್ರ. ಎರಡನ್ನೂ ಮೂಗಿನ ನಡುವೆ ಕೂಡಿಸಿ ಹೊಲಿಯುವ ಕೆಲಸ ನನ್ನದಾಯಿತು. ಬಣ್ಣ ಕುಡಿದು ಬಿರುಸಾದ ಬಟ್ಟೆ ಮೂರು ಸೂಜಿ ಮುರಿಯಿತು. ನಾನೂ ಹಟಮಾರಿಯೇ, ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಬ್ಯಾನರು ಕೈಗಾಡಿಯಲ್ಲಿ ಹೋಯಿತು. ಗಾಡಿ ಓಣಿ ದಾಟಿದ ಮೇಲೆ ನನ್ನ ತಲೆಗೆ ಹೊಳೆಯಿತು. ಗಾಳಿಗೆ ಹರಿಯದಿರಲಿ ಎಂದು, ನನ್ನ ರೂಢಿಯಂತೆ, ಎರಡು ಮಡಿಕೆ ಹಾಕಿ ಹೊಲಿದಿದ್ದೆ. ನಾಲ್ಕು ಬೆರಳಿನಷ್ಟು ಮೂಗು ಹೊಲಿಗೆಯೊಳಗೆ ಹೋಗಿಬಿಟ್ಟಿತ್ತು! ಕಾಲಿಗೆ ಚಪ್ಪಲಿಯಿಲ್ಲದೆ ಟಾಕೀಸಿಗೆ ಓಡಿದೆ.

ಆಗಲೇ ಹಗ್ಗ ಎಳೆಯುತ್ತಿದ್ದರು. ಕಾಕಾ ರಸ್ತೆಯ ಆಚೆ ನಿಂತಿದ್ದರು, ಪಕ್ಕದಲ್ಲಿ ಮ್ಯಾನೇಜರು. ನಾನು ಕಾಕಾ ಅವರನ್ನು ಒಂದು ಬದಿಗೆ ಕರೆದು ತಪ್ಪೊಪ್ಪಿಕೊಂಡೆ. ಅವರು ಗದ್ದ ಎತ್ತಿ ಮೇಲೆ ತೋರಿಸಿದರು.

ಬ್ಯಾನರು ಬಿಚ್ಚಿಕೊಂಡಿತು. ನೀಳವಾದ ಮೂಗು, ಅದರ ಆಚೀಚೆ ಒಂದೊಂದು ಕಣ್ಣು. ಆ ಕಣ್ಣುಗಳು ನಮ್ಮೆಲ್ಲರನ್ನೂ ನೋಡುತ್ತಿದ್ದವು. ಟಾಂಗಾಗಳು ನಿಂತವು. ಕಾಯಿಪಲ್ಯೆ ಮಾರುವವಳು ಬುಟ್ಟಿ ಇಳಿಸಿ ನಿಂತಳು. ಮ್ಯಾನೇಜರು ತಲೆಯ ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಮುಂದಿನ ವಾರದ ಸಿನಿಮಾದ ಫೋಟೋ ಒಯ್ಯಲು ಕಾಕಾಗೆ ಹೇಳಿದರು.

ಆಗ ಕಾಕಾ ನನ್ನ ಕಡೆ ತಿರುಗಿದರು.

"ನಿನ್ನ ಹೊಲಿಗಿ ನನಗ ಗೊತ್ತಿಲ್ಲೇನವ್ವಾ? ನನ್ನ ಅಂಗಿ ಹೊಲದಾಕಿ ನೀನ. ಅದಕ್ಕ ಮೂಗು ನಾಕು ಬಟ್ಟು ದಪ್ಪನ ಬರದಿದ್ದೆ."

ಅತ್ತುಬಿಟ್ಟೆ, ನಾಚಿಕೆಯಿಂದಲ್ಲ, ಹೆಮ್ಮೆಯಿಂದ.

ಕೊಲ್ಲಾಪುರದ ಬ್ಯಾನರು ಮತ್ತೆ ಬರಲಿಲ್ಲ. ಧಾರವಾಡ, ಗದಗಿನ ಟಾಕೀಸಿನವರೂ ನಮ್ಮ ಚಾಳನ್ನೇ ಹುಡುಕಿಕೊಂಡು ಬಂದರು. ಕೆಳಗಿನ ಮೂಲೆಯಲ್ಲಿ ಕಾಕಾ ತಮ್ಮ ಹೆಸರನ್ನು ಸಣ್ಣದಾಗಿ, ಹುಬ್ಬಳ್ಳಿ ಎಂಬುದನ್ನು ದೊಡ್ಡದಾಗಿ ಬರೆಯುತ್ತಿದ್ದರು. ಆ ಹತ್ತು ವರ್ಷ ಊರಿನ ತಲೆಯ ಮೇಲೆ ಅವರೇ ಬರೆದ ಮುಖಗಳು, ಆ ಮುಖಗಳ ನಡುವೆ ನನ್ನ ಹೊಲಿಗೆ.

ಆಟ ಮುಗಿದ ಸಿನಿಮಾದ ಬ್ಯಾನರಿನ ಹೊಲಿಗೆ ನಾನು ಬಿಚ್ಚುತ್ತಿದ್ದೆ, ಅವರು ಬಿಳಿ ಬಳಿದು ಅದೇ ಬಟ್ಟೆಯ ಮೇಲೆ ಹೊಸ ಮುಖ ಬರೆಯುತ್ತಿದ್ದರು. ಹೀಗಾಗಿ ಒಂದೂ ಉಳಿದಿಲ್ಲ. ಕಾಕಾ ಹೋಗಿಯೂ ಬಹಳ ಕಾಲವಾಯಿತು...

ಬಣ್ಣ ಒಣಗಿದ ಬಾಗಿಲಿಗೆ ನಿನ್ನೆ ಪರದೆ ಹೊಲಿದೆ. ಮೊಮ್ಮಗಳು ಅಳತೆ ಸರಿಯಾಗಿಯೇ ಹಿಡಿದಿದ್ದಳು. ತೂಗುಹಾಕಿದರೆ ನಾಲ್ಕು ಬೆರಳು ಸಾಲಲಿಲ್ಲ.

ನನ್ನ ಹೊಲಿಗೆಗೆಂದು ಜಾಗ ಬಿಡುತ್ತಿದ್ದವರು ಅವರೊಬ್ಬರೇ.