ಕೆರೆ ಏರಿಯ ಮೇಲೆ ಮರಳಿನ ಕ್ಯಾನು

ಮೇಷ್ಟ್ರ ಎಡಗಾಲಿನಲ್ಲಿ ಮೂರೇ ಬೆರಳು. ಹೆಬ್ಬೆರಳನ್ನೂ ಅದರ ಪಕ್ಕದ್ದನ್ನೂ ಸಕ್ಕರೆ ಕಾಯಿಲೆ ತಿಂದು ಹಾಕಿತ್ತು. ಆದರೂ ನೆಲಮಂಗಲದ ನಮ್ಮ ಬೀದಿಯಲ್ಲಿ ಅವರಷ್ಟು ನೆಟ್ಟಗೆ ನಡೆಯುವವರು ಇನ್ನೊಬ್ಬರಿರಲಿಲ್ಲ. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತರಾದವರು. ಬೆಳಿಗ್ಗೆ ಐದೂವರೆಗೆ ಬೀದಿಯ ಸಕ್ಕರೆ ಕಾಯಿಲೆಯವರನ್ನೆಲ್ಲ ಕೆರೆ ಏರಿಗೆ ಹೊರಡಿಸುತ್ತಿದ್ದರು. ಬಾಗಿಲು ತಟ್ಟುತ್ತಿರಲಿಲ್ಲ, ಗೇಟಿನ ಮುಂದೆ ನಿಂತು ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ನಮ್ಮ ನಾಯಿ ಬೊಗಳುವುದನ್ನೇ ಬಿಟ್ಟಿತ್ತು.

ನಾನು ಶಾಲಾ ಬಸ್ಸಿನ ಡ್ರೈವರು. ಮೂರು ವರ್ಷದ ಹಿಂದೆ ಕಣ್ಣು ಮಂಜಾಗತೊಡಗಿದಾಗ ಡಾಕ್ಟರು ಸಕ್ಕರೆ ಮಿತಿಮೀರಿದೆ ಎಂದರು. ಶಾಲೆಯವರು ನನ್ನನ್ನು ಬಸ್ಸಿನಿಂದ ಇಳಿಸಿ ಗೇಟು ಕಾಯಲು ಹಾಕಿದರು. ಮೂರು ತಿಂಗಳಲ್ಲಿ ಒಳ್ಳೆಯ ರಿಪೋರ್ಟು ತರದಿದ್ದರೆ ಬೇರೆ ಡ್ರೈವರನ್ನು ನೋಡಿಕೊಳ್ಳುತ್ತೇವೆ ಎಂದೂ ಹೇಳಿದರು. ನಾನು ಹೆದರಿ ಅನ್ನ ಬಿಟ್ಟೆ. ಅದರ ಬದಲು ಹೊತ್ತಿಗೆ ಮೂರು ಮುದ್ದೆ ನುಂಗತೊಡಗಿದೆ. ಮೇಷ್ಟ್ರು ನಕ್ಕುಬಿಟ್ಟರು. "ರಾಗಿ ಔಷಧಿ ಅಲ್ಲ ಕಣಪ್ಪ, ಊಟ. ಒಂದು ಉಣ್ಣು ಸಾಕು."

ನಡೆಯುವುದು ನನಗೆ ಕಷ್ಟವಾಗಲಿಲ್ಲ. ನಡೆದ ಮೇಲೆ ಅರ್ಧ ಮರಳು ತುಂಬಿದ ನೀರಿನ ಕ್ಯಾನನ್ನು ಎದೆಗವಚಿ ಕೂತು ಏಳಬೇಕಿತ್ತು, ಅದೇ ಕಷ್ಟ. ಮೇಷ್ಟ್ರು ಹೇಳುತ್ತಿದ್ದರು, "ನಡುದ್ರೆ ಸಕ್ರೆ ಖರ್ಚಾಗ್ತದೆ. ಭಾರ ಎತ್ತುದ್ರೆ ಅದು ಇರಕ್ಕೆ ಮೈಯಲ್ಲಿ ಜಾಗ ಆಗ್ತದೆ. ಎರಡೂ ಬೇಕು." ಎದುರುಮನೆಯ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಹತ್ತು ಸಲ ಎತ್ತುತ್ತಿದ್ದಳು. ನನಗೆ ನಾಲ್ಕಕ್ಕೇ ತೊಡೆ ನಡುಗಿತು; ನಡೆಯಲು ಬಂದಿದ್ದ ಹೆಂಗಸರು ಕಿಸಕ್ಕೆಂದರು. ಮರುದಿನದಿಂದ ಮನೆಯಲ್ಲೇ ಎತ್ತುತ್ತೇನೆಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ.

ರಕ್ತ ಪರೀಕ್ಷೆಗೆ ವಾರವಿದ್ದಾಗ ಒಪ್ಪೊತ್ತು ಉಂಡು, ಬೆಳಿಗ್ಗೆ ಸಂಜೆ ಎರಡೂ ಹೊತ್ತು ನಡೆದೆ. ಖಾಲಿ ಹೊಟ್ಟೆಯ ಸಕ್ಕರೆ ಚೆನ್ನಾಗಿಯೇ ಬಂತು. ಆದರೆ ಡಾಕ್ಟರು ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯನ್ನೂ ಮಾಡಿಸಿದ್ದರು. ಅದರಲ್ಲಿ ನನ್ನ ಬಂಡವಾಳ ಬಯಲಾಯಿತು.

ಮೇಷ್ಟ್ರು ರಿಪೋರ್ಟು ಓದಿ ಮಡಚಿಟ್ಟರು. "ಕ್ಯಾನು ಮುಟ್ಟೇ ಇಲ್ಲ, ಅಲ್ವೇನಪ್ಪಾ?"

"ಇಲ್ಲ ಸಾರ್. ನಾಚ್ಕೆ ಆಯ್ತು."

"ನಂಗೂ ಆಗಿತ್ತು. ಪಿ.ಟಿ. ಮೇಷ್ಟ್ರಿಗೇ ಸಕ್ರೆ ಅಂತ ನಗ್ತಾರೆ ಅಂದ್ಕೊಂಡು ಎಂಟು ವರ್ಷ ಯಾರ್ಗೂ ಹೇಳ್ಲಿಲ್ಲ. ಬೆರಳು ತೆಗುದ್ಮೇಲೆ ಹೇಳ್ದೆ."

ಮಾರನೆಯ ದಿನ ಅವರೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಶಾಲೆಗೆ ಬಂದರು. "ಇನ್ನು ಮೂರು ತಿಂಗಳು ಕೊಡಿ. ಇವ್ನು ಎತ್ಲಿಲ್ಲ ಅಂದ್ರೆ ನಾನೇ ಬಂದು ಹೇಳ್ತೀನಿ, ಬಸ್ಸು ಕೊಡ್ಬೇಡಿ ಅಂತ," ಎಂದರು. ಶಾಲೆಯವರು ಒಪ್ಪಿದರು. ಅಂದಿನಿಂದ ಮೇಷ್ಟ್ರು ಏರಿಯ ಮೇಲೆ ನನ್ನ ಎದುರಿಗೇ ನಿಲ್ಲತೊಡಗಿದರು. ಅವರು ಲೆಕ್ಕ ಹೇಳಿದ್ದಿಲ್ಲ; ಪ್ರತಿ ಸಲವೂ "ಇನ್ನೊಂದು" ಎನ್ನುತ್ತಿದ್ದರು, ಅಷ್ಟೇ. ಹೆಂಗಸರು ನಗುವುದನ್ನು ಯಾವಾಗ ನಿಲ್ಲಿಸಿದರೋ ನನಗೆ ತಿಳಿಯಲಿಲ್ಲ. ಮಾತ್ರೆ ನಿಲ್ಲಲಿಲ್ಲ, ಆದರೆ ಸರಾಸರಿ ಇಳಿಯಿತು, ಕಣ್ಣು ತಿಳಿಯಾಯಿತು. ನನ್ನ ಬಸ್ಸು ನನಗೆ ಸಿಕ್ಕಿತು.

ಕಳೆದ ವರ್ಷ ಮೇಷ್ಟ್ರು ಹೃದಯಾಘಾತದಿಂದ ಹೋದರು. ಅಷ್ಟು ವ್ಯಾಯಾಮ ಮಾಡಿ ಏನು ಬಂತು ಎಂದು ಕೆಲವರು ಆಡಿಕೊಂಡರು. ನಾನು ವಾದಕ್ಕೆ ಹೋಗಲಿಲ್ಲ. ಮನೆಯಿಂದ ಸ್ಮಶಾನಕ್ಕೆ ಎರಡು ಕಿಲೋಮೀಟರು. ಚಟ್ಟಕ್ಕೆ ಹೆಗಲು ಕೊಟ್ಟವರು ದಾರಿಯಲ್ಲಿ ಬದಲಾಗುತ್ತಾ ಬಂದರು. ಇನ್ನು ನೀನೂ ಬಿಡು ಎಂದರು. ನಾನು ಬಿಡಲಿಲ್ಲ. ದಾರಿಯುದ್ದಕ್ಕೂ ಅಳುತ್ತಿದ್ದೆ, ಏದುಸಿರು ಮಾತ್ರ ಬರಲಿಲ್ಲ.