ಬೆಚ್ಚಗಾಗದ ಪೆಟ್ಟಿಗೆ

ಭದ್ರಾವತಿಯ ಹಳೇನಗರದ ತಾರಸಿಯೊಂದರಲ್ಲಿ ಬೆಳಗಿನ ಏಳು ಗಂಟೆ. ನದಿಯ ಕಡೆಯ ಮಂಜು ಇನ್ನೂ ಕರಗಿಲ್ಲ. ಅರವತ್ತೊಂದು ವರ್ಷದ ಫಯಾಜ್ ತಮ್ಮ ಊರುಗೋಲನ್ನು ನೀರಿನ ಟ್ಯಾಂಕಿಗೆ ಒರಗಿಸಿ, ಜೇಬಿನಿಂದ ಗಂಟು ಹಾಕಿದ ದಾರವೊಂದನ್ನು ತೆಗೆಯುತ್ತಾರೆ. ಒಂದು ತುದಿಯನ್ನು ಟ್ರೈಪಾಡ್ ಮೇಲಿನ ಕ್ಯಾಮೆರಾಕ್ಕೆ ಸಿಕ್ಕಿಸಿ, ಆರಡಿಯ ಗಂಟನ್ನು ಎದುರಿನ ಕುರ್ಚಿಯಲ್ಲಿ ಕುಳಿತ ಸುಭದ್ರಮ್ಮನವರ ಕಣ್ಣಿನ ಪಕ್ಕಕ್ಕೆ ತರುತ್ತಾರೆ.

“ಏನ್ ಸಾಬ್ರೇ, ರವಿಕೆಗೆ ಅಳತೆ ತಗೊಳ್ತಿದೀರಾ?” ಎಂದು ಸುಭದ್ರಮ್ಮ ನಗುತ್ತಾರೆ.

“ಕಣ್ಣಿಗೆ ಅಳತೆ, ಅಮ್ಮಾ. ಒಂಚೂರು ತಪ್ಪಿದ್ರೆ ನಿಮ್ಮ ಮೂಗುತಿ ಫೋಟೋ ಆಗುತ್ತೆ, ನಿಮ್ದಲ್ಲ.”

ಅದು ತಮಾಷೆಯ ಮಾತಲ್ಲ. ಫಯಾಜರ ನೂರ ಮೂವತ್ತೈದು ಮಿಲಿಮೀಟರಿನ ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದಾಗ, ಆರಡಿ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಎರಡು ಸೆಂಟಿಮೀಟರ್ ಮಾತ್ರ. ಕಣ್ಣು ಸ್ಪಷ್ಟವಾಗಿದ್ದರೆ ಕಿವಿ ಆಗಲೇ ಮಸುಕಾಗಿರುತ್ತದೆ. ಹಿಂದಿನ ಗೋಡೆಯಂತೂ ಬರೀ ಬಣ್ಣವಾಗಿ ಕರಗಿರುತ್ತದೆ. ಈ ಲೆನ್ಸಿಗೆ ತಾನಾಗಿ ಫೋಕಸ್ ಮಾಡುವ ಯಂತ್ರವಿಲ್ಲ, ರಿಂಗನ್ನು ಬೆರಳಿನಿಂದಲೇ ತಿರುಗಿಸಬೇಕು. ಕುಳಿತವರು ಉಸಿರಾಡಿದರೂ ಕಣ್ಣು ಆ ಎರಡು ಸೆಂಟಿಮೀಟರಿನ ಆಚೆಗೆ ಜಾರಬಹುದು. ಆದ್ದರಿಂದ ಫಯಾಜ್ ಕಾಯುತ್ತಾರೆ. ಉಸಿರು ಹೊರಹೋಗಿ, ಮುಂದಿನದು ಒಳಬರುವ ಮುಂಚಿನ ಆ ಬಿಡುವಿನಲ್ಲಿ ಅವರ ಬೆರಳು ಒತ್ತುತ್ತದೆ.

ಸುಭದ್ರಮ್ಮ ಶಿವಮೊಗ್ಗದ ಗೋಪಾಳದಿಂದ ಮೊದಲ ಬಸ್ಸಿಗೆ ಬಂದಿದ್ದಾರೆ. ಅವರ ಪತಿ ಉಜ್ಜನಪ್ಪನವರ ಚಿತ್ರವನ್ನು ಹನ್ನೊಂದು ವರ್ಷದ ಹಿಂದೆ ಇದೇ ಲೆನ್ಸ್ ತೆಗೆದಿತ್ತು. “ಅವ್ರ ಪಕ್ಕ ನನ್ನ ಫೋಟೋ ಇಟ್ರೆ ಜೋಡಿ ಅನ್ನಿಸ್ಬೇಕಲ್ಲ. ಮೊಮ್ಮಕ್ಕಳು ಮೊಬೈಲಲ್ಲಿ ತೆಗೆದಿದ್ದು ನೋಡಿದೆ. ನಾನು ಅವ್ರ ಅತ್ತೆ ಥರ ಕಾಣ್ತೀನಿ.”

ಫಯಾಜ್ ಮುಚ್ಚಿಡುವುದಿಲ್ಲ. “ಅಮ್ಮಾ, ಅವ್ರಷ್ಟು ಕ್ಲಿಯರ್ ಬರಲ್ಲ ನಿಮ್ದು. ಗಾಜಿಗೆ ಫಂಗಸ್ ಹತ್ತಿದೆ. ಮಂಜು ಮಂಜಾಗಿ ಬರುತ್ತೆ.”

“ನನ್ನ ಕಣ್ಣಿಗೂ ಪೊರೆ ಬಂದಿದೆ, ಮಾರಾಯ. ಸರಿಯಾಗೇ ಕಾಣುತ್ತೆ ಬಿಡಿ.”

ಆ ಮಾತಿಗೆ ಇಬ್ಬರೂ ನಗುತ್ತಾರೆ, ಮೂರನೆಯವಳು ನಗುವುದಿಲ್ಲ. ಚಹಾದ ತಟ್ಟೆ ಹಿಡಿದು ಕ್ಯಾಮೆರಾದ ಹಿಂದೆ ನಿಂತಿರುವ ರೂಹಿ, ಫಯಾಜರ ಮಗಳು, ಮೆಟ್ಟಿಲಿನ ಕಡೆಗೆ ಮುಖ ತಿರುಗಿಸುತ್ತಾಳೆ.

ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಮಹಡಿಯ ಮೇಲೆ ಫಯಾಜ್ ಇಪ್ಪತ್ತೊಂಬತ್ತು ವರ್ಷ ಸ್ಟುಡಿಯೋ ನಡೆಸಿದರು. ಲೆನ್ಸ್ ಬಂದದ್ದು ಸ್ಟುಡಿಯೋ ತೆರೆದ ವರ್ಷವೇ, ಒಂದು ಸ್ಕೂಟರಿನ ಬದಲಿಗೆ. ಆ ಸ್ಕೂಟರಿಗೆ ಆಗ ಆರು ತಿಂಗಳು ವಯಸ್ಸು. “ಸವಾರಿ ಕೊಟ್ಟು ಗಾಜು ತಂದ ಮನುಷ್ಯ ಇವ್ರು. ಆಮೇಲೆ ತವರಿಗೆ ನಾನು ಬಸ್ಸಲ್ಲೇ ಹೋಗಿದ್ದು,” ಎಂದು ಪತ್ನಿ ರೋಶನ್ ಬೀ ಇಂದಿಗೂ ಹಂಗಿಸುತ್ತಾರೆ. ಒಳ್ಳೆಯ ಕಾಲದಲ್ಲಿ ದಿನಕ್ಕೆ ಎಂಟು ಮಂದಿ ಆ ಮೆಟ್ಟಿಲು ಹತ್ತುತ್ತಿದ್ದರು. ಫಯಾಜರ ಅಂದಾಜಿನಲ್ಲಿ ಒಟ್ಟು ಹನ್ನೊಂದು ಸಾವಿರ ಮುಖಗಳು ಈ ಗಾಜಿನ ಮೂಲಕ ಹಾದುಹೋಗಿವೆ. ಈಗ ಸ್ಟುಡಿಯೋ ಇಲ್ಲ, ಮನೆಯ ಈ ತಾರಸಿಗೆ ವಾರಕ್ಕೆ ಇಬ್ಬರು ಬಂದರೆ ಹೆಚ್ಚು. “ಈಗಿನ ಕ್ಯಾಮೆರಾ ಕಣ್ಣನ್ನ ತಾನೇ ಹುಡುಕುತ್ತೆ. ಒಳ್ಳೇದೇ. ಆಗ ನಾನು ಹುಡುಕ್ತಿದ್ದೆ, ಅಷ್ಟೇ.”

ಇಲ್ಲಿನ ಮಳೆಗಾಲದ ತೇವಕ್ಕೆ ಗಾಜಿನ ಒಳಗೂ ಬೂಷ್ಟು ಬೆಳೆಯುತ್ತದೆ. ಅದನ್ನು ತಡೆಯಲು ಫಯಾಜ್ ಮನೆಯಲ್ಲಿ ಒಂದು ಮರದ ಪೆಟ್ಟಿಗೆ ಮಾಡಿಸಿಟ್ಟಿದ್ದರು: ಕೆಳಗೆ ಹದಿನೈದು ವ್ಯಾಟಿನ ತಂತಿ ಬಲ್ಬು, ಮೇಲೆ ಜಾಲರಿ, ಜಾಲರಿಯ ಮೇಲೆ ಲೆನ್ಸ್, ಪಕ್ಕದಲ್ಲಿ ಗಾಳಿಯಾಡಲು ಆರು ತೂತು. ಬಲ್ಬಿನ ಕಾವಿಗೆ ಒಳಗಿನ ಗಾಳಿ ಒಣಗಿರುತ್ತಿತ್ತು. ಇಪ್ಪತ್ತೆಂಟು ಮಳೆಗಾಲ ಹೀಗೆಯೇ ಕಳೆದವು.

ಕಳೆದ ಜೂನ್‌ನಲ್ಲಿ ಅವರು ಸ್ಟುಡಿಯೋದ ಮೆಟ್ಟಿಲಿನಿಂದ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅದೇ ವಾರ ಪೆಟ್ಟಿಗೆಯ ಬಲ್ಬು ಹೋಯಿತು. ಹಾಸಿಗೆಯಿಂದ ಏಳಲಾಗದ ತಂದೆ ಹೇಳಿದಂತೆ ರೂಹಿ ಅಂಗಡಿಗೆ ಓಡಿ ಹೊಸ ಬಲ್ಬು ತಂದು ಹಾಕಿದಳು. ತಂತಿ ಬಲ್ಬು ಈಗ ಬರುವುದಿಲ್ಲವೆಂದು ಅಂಗಡಿಯವನು ಎಲ್ಇಡಿ ಕೊಟ್ಟಿದ್ದ. ಅದು ಚೆನ್ನಾಗಿಯೇ ಬೆಳಗಿತು, ಆದರೆ ಪೆಟ್ಟಿಗೆಯನ್ನು ಒಣಗಿಸುವಷ್ಟು ಕಾವು ಅದರಲ್ಲಿರಲಿಲ್ಲ.

“ನಾಲ್ಕು ತಿಂಗಳು ಮಲಗಿದಲ್ಲಿಂದ ಆ ಆರು ತೂತಿನ ಬೆಳಕು ನೋಡ್ತಿದ್ದೆ. ಕಾಲು ಹೋದ್ರೂ ಲೆನ್ಸ್ ಬೆಚ್ಚಗಿದೆ ಅಂತ ಸಮಾಧಾನ,” ಎನ್ನುತ್ತಾರೆ ಫಯಾಜ್. “ರೂಹೀದು ತಪ್ಪಿಲ್ಲ. ಬರೀ ಕಣ್ಣಲ್ಲಿ ನೋಡ್ದೋನು ನಾನು. ಒಂದ್ಸಲ ಪೆಟ್ಟಿಗೆ ಇಲ್ಲಿಗೆ ತಾ, ಮುಟ್ಟಿ ನೋಡ್ತೀನಿ ಅನ್ಲಿಲ್ಲ.”

ಅಕ್ಟೋಬರಿನಲ್ಲಿ ಪೆಟ್ಟಿಗೆ ತೆರೆದಾಗ ಗಾಜಿನೊಳಗೆ ಜೇಡರ ಬಲೆಯಂಥ ಬಿಳಿ ಎಳೆಗಳಿದ್ದವು. ಗಾಂಧಿ ಬಜಾರಿನ ಹಳೆಯ ರಿಪೇರಿಗಾರ ಜಂಬಣ್ಣ ಬಿಚ್ಚಿ, ಒರೆಸಬಹುದಾದಷ್ಟು ಒರೆಸಿಕೊಟ್ಟರು. ಆದರೆ ಬೂಷ್ಟು ಅಂಟಿಸಿದ ಎರಡು ಗಾಜುಗಳ ನಡುವೆಯೂ ಇಳಿದಿತ್ತು. “ಅದನ್ನ ಬಿಡಿಸಿದ್ರೆ ಲೆನ್ಸೇ ಇರಲ್ಲ ಮಾರಾಯ. ಬರೋ ಮಳೆಗಾಲ ದಾಟೋದಿಲ್ಲ ಇದು. ಫೋಟೋ ತೆಗೆಯೋದಿದ್ರೆ ತೆಗೆದುಬಿಡು,” ಎಂದು ಹೇಳಿ ಕಳಿಸಿದ್ದಾರೆ.

ಅಂದಿನಿಂದ ಫಯಾಜರಿಗೆ ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ. ಬೆಳಕು ಹರಿದ ಮೇಲೆ, ಬಿಸಿಲು ತಾರಸಿಗೆ ಬೀಳುವ ಮೊದಲು. ಗಾಜಿಗೆ ಒಂದು ಕಿರಣ ತಾಗಿದರೂ ಚಿತ್ರದ ಮೇಲೆ ಬಿಳಿ ಪರದೆ ಇಳಿಯುತ್ತದೆ.

ತೆಗೆಯಬೇಕಾದ ಚಿತ್ರ ಒಂದೇ ಒಂದು ಉಳಿದಿದೆ. ಆ ಹನ್ನೊಂದು ಸಾವಿರ ಮುಖಗಳಲ್ಲಿ ಇಪ್ಪತ್ತೇಳು ವರ್ಷದ ರೂಹಿಯ ಮುಖವಿಲ್ಲ. “ಮನೇಲೇ ಇರ್ತಾಳೆ, ಯಾವಾಗ ಬೇಕಾದ್ರೂ ತೆಗೀಬಹುದು ಅಂದ್ಕೊಂಡೆ. ಇಪ್ಪತ್ತೇಳು ವರ್ಷ ಅಂದ್ಕೊಂಡೆ.”

ಸುಭದ್ರಮ್ಮ ಕೆಳಗಿಳಿದು ಹೋಗುತ್ತಾರೆ. ಗಡಿಯಾರದಲ್ಲಿ ಏಳು ಹದಿನೈದು.

“ಬೇಟಾ, ಇನ್ನೂ ಐದು ನಿಮಿಷ ಇದೆ. ಕೂತ್ಕೊ.”

“ಬೇಡ ಅಬ್ಬಾ. ಬಸ್ಸಿಗೆ ಹೊತ್ತಾಗುತ್ತೆ.”

“ಬಸ್ಸು ಏಳೂಮುಕ್ಕಾಲಿಗೆ.”

“ಆ ಗಾಜಿನ ಮುಂದೆ ಕೂರು ಅನ್ಬೇಡಿ. ನನ್ನ ಕೈಯಾರೆ ಹಾಳುಮಾಡಿದ್ದು. ಹೇಗೆ ನೋಡ್ಲಿ ಅದನ್ನ?” ರೂಹಿ ಖಾಲಿ ಲೋಟಗಳನ್ನು ಎತ್ತಿಕೊಂಡು ಕ್ಯಾಮೆರಾದ ಹಿಂದಿನಿಂದಲೇ ಸುತ್ತಿ ಮೆಟ್ಟಿಲಿಳಿಯುತ್ತಾಳೆ. ಮೂರು ತಿಂಗಳಿಂದ ಪ್ರತಿ ಬೆಳಗ್ಗೆ ಇದೇ ಕರೆ, ಇದೇ ಉತ್ತರ.

ಫಯಾಜ್ ಮತ್ತೆ ದಾರ ತೆಗೆಯುತ್ತಾರೆ. ಖಾಲಿ ಕುರ್ಚಿಯ ಮೇಲೆ, ಕುಳಿತವರ ಕಣ್ಣು ಇರಬಹುದಾದ ಎತ್ತರಕ್ಕೆ, ಆರಡಿಯ ಗಂಟನ್ನು ಹಿಡಿಯುತ್ತಾರೆ. ರಿಂಗನ್ನು ಕೂದಲೆಳೆಯಷ್ಟು ತಿರುಗಿಸಿ, ಅದು ಅಲುಗದಂತೆ ಕಪ್ಪು ಟೇಪು ಸುತ್ತುತ್ತಾರೆ. ಬಿಸಿಲು ಟ್ಯಾಂಕಿನ ಅಂಚಿಗೆ ಬಂದಾಗ ಲೆನ್ಸಿನ ಮುಚ್ಚಳ ಹಾಕುತ್ತಾರೆ, ಟೇಪನ್ನು ಮಾತ್ರ ಬಿಚ್ಚುವುದಿಲ್ಲ.

“ಫೋಕಸ್ ಇಟ್ಟಾಗಿದೆ,” ಎನ್ನುತ್ತಾರೆ. “ಅವಳು ಬಂದು ಕೂತ್ರೆ ಸಾಕು.”