ಬಿಸಿಲಲ್ಲಿ ಓಡಿದ ವೈಪರ್

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಗಾಳಿ, ಸೋಂಕು ಎಂದು ಯಾರಾದರೂ ಬಾಯಿ ತೆರೆದರೆ ನಕ್ಕು ಎದ್ದು ಹೋಗುತ್ತಿದ್ದವನು ನಾನು. ನಂಬದಿರಲು ನನಗೆ ಓದಿನ ಬಲವೇನೂ ಇರಲಿಲ್ಲ, ಕಸುಬಿನ ಬಲ ಇತ್ತು. ನಾನು ಗಾಡಿಗಳ ವೈರಿಂಗ್ ಕೆಲಸದವನು. ಹಾರ್ನ್ ತಾನಾಗಿ ಕೂಗಿತು, ಲೈಟು ತಾನಾಗಿ ಹೊತ್ತಿಕೊಂಡಿತು ಎಂದು ಹೆದರಿ ಗ್ಯಾರೇಜಿಗೆ ಬಂದವರು ಒಬ್ಬಿಬ್ಬರಲ್ಲ. ಪ್ರತಿ ಸಲವೂ ಎಲ್ಲೋ ಒಂದು ವೈರಿನ ಸಿಪ್ಪೆ ಸುಲಿದಿರುತ್ತಿತ್ತು, ಇಲ್ಲವೇ ಇಲಿ ಕಡಿದಿರುತ್ತಿತ್ತು. ಆ ತುಂಡನ್ನು ಕತ್ತರಿಸಿ, ಇದೇ ನೋಡಿ ನಿಮ್ಮ ದೆವ್ವ ಎಂದು ಅವರ ಕೈಗೇ ಕೊಟ್ಟು ಕಳಿಸುತ್ತಿದ್ದೆ. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಇಂಥ ಅನುಭವ ಬರೆಯುವವರು ಅಮಾವಾಸ್ಯೆ, ನಡುರಾತ್ರಿ ಎಂದು ಶುರುಮಾಡುತ್ತಾರೆ. ನನ್ನದು ನಡೆದದ್ದು ಬೆಳಗಿನ ಒಂಬತ್ತೂವರೆಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಅದಿರಿನ ಲಾರಿಗಳು ಓಡಾಡುವ ರಸ್ತೆಯ ಮೇಲೆ. ಅದಕ್ಕೇ ಇರಬೇಕು, ಭ್ರಮೆ ಎಂದು ತಳ್ಳಿಹಾಕಲು ಇವತ್ತಿಗೂ ಆಗಿಲ್ಲ.

ಅಪ್ಪ ಬಾಗಲಕೋಟೆ ಕಡೆಯಿಂದ ಗೋವೆಗೆ ಬಂದು ವಾಸ್ಕೋ ಬಂದರಿನಲ್ಲಿ ಮೂಟೆ ಹೊತ್ತವನು. ನಾನು ಕೊರ್ತಾಲಿಮ್‌ನ ಒಂದು ಬಾಡಿಗೆ ಖೋಲಿಯಲ್ಲಿ ಬೆಳೆದು, ಹದಿನಾರಕ್ಕೇ ಫಾತೋರ್ಡಾದ ಗ್ಯಾರೇಜು ಸೇರಿದೆ. ಅಲ್ಲಿ ಮೊದಲ ಸಲ ಜಪಾನಿನ ಕಾರೊಂದರ ಡ್ಯಾಶ್‌ಬೋರ್ಡ್ ಬಿಚ್ಚಿದ ದಿನ ನನಗೆ ಚೆನ್ನಾಗಿ ನೆನಪಿದೆ. ಒಳಗಿನ ವೈರುಗಳು ತಲೆ ಬಾಚಿ ಜಡೆ ಹೆಣೆದಂತೆ ಕೂತಿದ್ದವು. ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಬಣ್ಣದಲ್ಲೇ ತಿಳಿಯುತ್ತಿತ್ತು. ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ, ಒಂದಲ್ಲ ಒಂದು ದಿನ ಇಂಥದ್ದೊಂದು ನನ್ನದಾಗಬೇಕು. ಆಗಲು ಹದಿನೈದು ವರ್ಷ ಹಿಡಿಯಿತು.

ಕಾರು ಜಪಾನಿನ ಒಂದು ಕಂಪನಿಯ ಬೆಳ್ಳಿ ಬಣ್ಣದ ಸೆಡಾನ್, ಎರಡನೇ ಕೈಯದು. ಕಂಪನಿಯ ಹೆಸರು ಹೇಳುವುದಿಲ್ಲ, ಯಾಕೆಂದರೆ ನಡೆದದ್ದರಲ್ಲಿ ಕಾರಿನ ತಪ್ಪೇನೂ ಇಲ್ಲ. ಶಿಪ್ಪಿನ ಮೇಲೆ ಕೆಲಸ ಮಾಡುವ ಒಬ್ಬ ಯುವಕ ಮಡಗಾಂವ್‌ನಲ್ಲಿ ಅದನ್ನು ಮಾರಿ ಹಡಗು ಹತ್ತಿ ಹೋದ. ಕಾಗದಗಳೂ ಅವನ ಹೆಸರಿನಲ್ಲೇ ಇದ್ದವು. ನಾನು ಹೆಚ್ಚು ಕೇಳಲೂ ಇಲ್ಲ, ನನ್ನ ಕಣ್ಣೆಲ್ಲ ಎಂಜಿನ್ ಮೇಲಿತ್ತು. ನಿಂತಲ್ಲಿ ಓಡುವಾಗ ಅದರ ಮೇಲೆ ನೀರು ತುಂಬಿದ ಲೋಟ ಇಟ್ಟೆ, ನೀರು ಅಲುಗಲಿಲ್ಲ. ಭಾನುವಾರ ಬೆಳಗಾದರೆ ಕರಮಲ್ ಘಾಟಿನ ತಿರುವುಗಳಿಗೆ ಒಬ್ಬನೇ ಹೋಗಿಬಿಡುತ್ತಿದ್ದೆ. ನಾನು ಗಾಡಿಯನ್ನು ಮಗಳಿಗಿಂತ ಹೆಚ್ಚು ಸ್ನಾನ ಮಾಡಿಸುತ್ತೇನೆ ಎಂದು ಹೆಂಡತಿ ಕಸ್ತೂರಿ ಛೇಡಿಸುತ್ತಿದ್ದಳು. ಆ ಮಳೆಗಾಲ ಮುಗಿದ ಮೇಲಿನ ಮೂರು ತಿಂಗಳು ನನ್ನಷ್ಟು ಸುಖಿ ಗೋವೆಯಲ್ಲಿ ಯಾರೂ ಇರಲಿಲ್ಲ.

ಮಂಗಳವಾರ ಮತ್ತು ಶುಕ್ರವಾರ ನಾನು ಸಾವರ್ಡೆಗೆ ಹೋಗುತ್ತಿದ್ದೆ. ಅಲ್ಲಿ ಅದಿರಿನ ಲಾರಿಗಳ ವೈರಿಂಗ್ ಕೆಲಸ ಕೈತುಂಬ ಸಿಗುತ್ತಿತ್ತು. ಚಾಂದೋರ್ ದಾಟಿದ ಮೇಲೆ ಬಲಕ್ಕೆ ಒಂದು ಸಣ್ಣ ಊರಿನ ದಾರಿ ಒಡೆಯುತ್ತದೆ. ತಿರುವಿನಲ್ಲಿ ಸುಣ್ಣ ಬಳಿದ ಶಿಲುಬೆ, ಅದರ ಹಿಂದೆ ಹುಣಸೆಮರ. ಫೆಬ್ರವರಿಯ ಒಂದು ಮಂಗಳವಾರ ಆ ತಿರುವಿನ ಹತ್ತಿರ ಬರುತ್ತಿದ್ದಂತೆ ವೈಪರ್ ತಾನಾಗಿ ಎದ್ದು, ಒಣಗಿದ ಗಾಜಿನ ಮೇಲೆ ಕಿರ್ರೆಂದು ಎರಡು ಸಲ ಓಡಿ ಮಲಗಿತು. ಕೆಂಪು ದೂಳಿನಲ್ಲಿ ಅರ್ಧ ಚಂದ್ರನಂತೆ ಗುರುತು ಬಿತ್ತು.

ನಾನು ನನ್ನ ಕೈಯನ್ನೇ ಬೈದುಕೊಂಡೆ. ಅದಕ್ಕೆ ಕಾರಣ ಇತ್ತು. ನನ್ನ ಕಾರಿನಂಥ ಜಪಾನಿ ಗಾಡಿಗಳಲ್ಲಿ ಸಿಗ್ನಲ್ ಹಾಕುವ ಕಡ್ಡಿ ಸ್ಟೀರಿಂಗಿನ ಬಲಕ್ಕೆ, ವೈಪರಿನ ಕಡ್ಡಿ ಎಡಕ್ಕೆ ಇರುತ್ತದೆ. ಬೇರೆ ಹಲವು ಗಾಡಿಗಳಲ್ಲಿ ಇದು ಅದಲುಬದಲು. ಗ್ಯಾರೇಜಿನಲ್ಲಿ ದಿನವಿಡೀ ಎಲ್ಲ ಬಗೆಯ ಗಾಡಿ ಓಡಿಸುವವನು ತಿರುವು ಬಂದಾಗ ಸಿಗ್ನಲ್ ಹಾಕಲು ಹೋಗಿ ವೈಪರ್ ಆಡಿಸುವುದು ನಮ್ಮಲ್ಲಿ ನಿತ್ಯದ ನಗೆಪಾಟಲು. ಆದರೆ ಮುಂದೆ ಹೋದ ಮೇಲೆ ಹೊಳೆಯಿತು, ನಾನು ಅಲ್ಲಿ ತಿರುಗುವವನೇ ಅಲ್ಲ. ಸಿಗ್ನಲ್ ಯಾಕೆ ಹಾಕಲಿ?

ಶುಕ್ರವಾರ ಮತ್ತೆ ಅದೇ ಜಾಗ, ಅದೇ ಎರಡು ಸಲ. ಈ ಬಾರಿ ನನ್ನ ಎಡಗೈ ಗೇರಿನ ಮೇಲಿತ್ತು. ಸಂಜೆ ವಾಪಸು ಬರುವಾಗ ಏನೂ ಆಗಲಿಲ್ಲ. ಮುಂದಿನ ವಾರವೂ ಹಾಗೇ, ಹೋಗುವಾಗ ಉಂಟು, ಬರುವಾಗ ಇಲ್ಲ.

ಇಲ್ಲಿಂದ ನನ್ನ ನೆಮ್ಮದಿ ಹೋಯಿತು. ಕಡ್ಡಿಯ ಸ್ವಿಚ್ಚನ್ನು ಬಿಚ್ಚಿ ತೊಳೆದೆ, ಆಮೇಲೆ ಬೇರೆಯದನ್ನೇ ಹಾಕಿದೆ. ಮೋಟರಿಗೆ ಕರೆಂಟು ಬಿಡುವ ರಿಲೇ ಬದಲಿಸಿದೆ. ಬೇರೆ ವೈರಿನಿಂದ ಕರೆಂಟು ಕಳ್ಳದಾರಿಯಲ್ಲಿ ನುಗ್ಗುತ್ತಿದೆಯೋ ಎಂದು ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದು ಗಂಟನ್ನೂ ನೋಡಿದೆ. ರಸ್ತೆಯ ಉಬ್ಬಿನಿಂದ ಇರಬಹುದು ಎಂದು ಆ ತಿರುವಿಗೇ ಬೇರೆ ದಿನ ಮಧ್ಯಾಹ್ನ ಹೋಗಿ ಹತ್ತು ಸಲ ಹಿಂದೆ ಮುಂದೆ ಓಡಿಸಿದೆ. ಹುಲ್ಲುಕಡ್ಡಿಯಷ್ಟೂ ಅಲುಗಲಿಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲಿ ವೈರಿನ ನಕ್ಷೆ ಕಾಣುತ್ತಿತ್ತು. ಹಾಸಿಗೆಯಲ್ಲಿ ಹೊರಳಾಡಿ, ಬೆಳಗಾದೊಡನೆ ಎದ್ದು ಬಾನೆಟ್ ತೆಗೆಯುತ್ತಿದ್ದೆ. ಗ್ಯಾರೇಜಿನ ಹುಡುಗರೆದುರು ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಊರವರ ದೆವ್ವ ಬಿಡಿಸಿದವನ ಗಾಡಿಗೇ ಹೀಗೆ ಎಂದರೆ ನನ್ನ ಮಾನ ಎಲ್ಲಿ ಉಳಿಯುತ್ತಿತ್ತು?

ಕಸ್ತೂರಿಗೆ ತಿಳಿದದ್ದು ಒಂದು ಮಂಗಳವಾರ ಬೆಳಗ್ಗೆ ಸಾವರ್ಡೆಯ ನೆಂಟರ ಮನೆಗೆ ಹೋಗುವಾಗ. ಮಗಳು ಹಿಂದಿನ ಸೀಟಿನಲ್ಲಿದ್ದಳು. ವೈಪರ್ ಓಡಿದ ಕೂಡಲೇ ಕಸ್ತೂರಿ ನನ್ನ ಕೈ ನೋಡಿದಳು, ಗಾಜು ನೋಡಿದಳು, ಆಮೇಲೆ ಹಿಂದಕ್ಕೆ ಕೈ ಚಾಚಿ ಮಗಳ ಕೈ ಹಿಡಿದುಕೊಂಡಳು. ಮಾರನೆಯ ದಿನ ಕಾರಿಗೆ ಹೊಸ ನಿಂಬೆಹಣ್ಣು, ಮೆಣಸಿನಕಾಯಿ ಬಂತು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಒಡೆದಿತ್ತು. ಶುಕ್ರವಾರ ವೈಪರ್ ಮತ್ತೆ ಓಡಿತು ಎಂದು ಕೇಳಿದ ಮೇಲೆ ಅವಳು ಜಗಳ ಆಡಲಿಲ್ಲ, ತಣ್ಣಗೆ ಹೇಳಿದಳು.

"ಯುಗಾದಿತನಕ ನೋಡ್ತೇನ್ರಿ. ಅಷ್ಟರಾಗ ನಿಮ್ಮ ವೈರು ಸಿಕ್ರ ಚಲೋ ಆತು. ಇಲ್ಲಂದ್ರ ಈ ಗಾಡಿ ನಮ್ಮ ಮನಿ ಮುಂದ ನಿಂದರಬಾರದು. ನನ್ನ ಮಗಳನ್ನ ಇದರಾಗ ಕುಂದರಸಂಗಿಲ್ಲ."

ನಾನು ಒಪ್ಪಿ ಮಾತು ಕೊಟ್ಟೆ.  ಹದಿನೈದು ವರ್ಷ ಕಾದು ತಂದ ಗಾಡಿ ಅದು.

ಯುಗಾದಿಗೆ ನಾಲ್ಕು ದಿನ ಇರುವಾಗ ಕೊನೆಯ ಪರೀಕ್ಷೆ ಮಾಡಿದೆ. ಶುಕ್ರವಾರ ಬೆಳಗ್ಗೆ ಕಸ್ತೂರಿಯ ಎದುರಿಗೇ ವೈಪರಿನ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡೆ. ಕಡ್ಡಿ ಆಡಿಸಿ ತೋರಿಸಿದೆ, ವೈಪರ್ ಸತ್ತಂತೆ ಬಿದ್ದಿತ್ತು. ಇದಿಲ್ಲದೆ ಮೋಟರಿಗೆ ಕರೆಂಟೇ ಹೋಗುವುದಿಲ್ಲ, ಇವತ್ತು ಅದು ಅಲುಗಲಿ ನೋಡೋಣ ಎಂದೆ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಇಬ್ಬರೇ ಹೊರಟೆವು.

ಚಾಂದೋರ್ ದಾಟಿತು. ಶಿಲುಬೆ ಕಂಡಿತು. ನಾನು ಎರಡೂ ಕೈಯನ್ನು ಸ್ಟೀರಿಂಗಿನ ನೆತ್ತಿಯ ಮೇಲೆ, ಅವಳಿಗೆ ಕಾಣುವಂತೆ ಇಟ್ಟೆ. ವೈಪರ್ ಎದ್ದಿತು. ಆತುರವಿಲ್ಲದೆ ಒಂದು ಸಲ ಹೋಗಿ ಬಂತು, ಇನ್ನೊಂದು ಸಲ ಹೋಗಿ ಬಂತು, ಮಲಗಿತು. ನಾನು ಗಾಡಿ ಬದಿಗೆ ಹಾಕಿ ಜೇಬು ಮುಟ್ಟಿ ನೋಡಿಕೊಂಡೆ. ಫ್ಯೂಸ್ ಅಲ್ಲೇ ಇತ್ತು. 

ಕಸ್ತೂರಿ ಮಾತ್ರ ಗಾಜನ್ನು ನೋಡುತ್ತಿರಲಿಲ್ಲ, ಗಾಜಿನ ಆಚೆ ನೋಡುತ್ತಿದ್ದಳು. "ಅಲ್ಲಿ ನೋಡ್ರಿ," ಎಂದಳು. "ಆ ಅಜ್ಜಾರು ನಮ್ಮ ಗಾಡೀನ ನೋಡಾಕತ್ತಾರ."

ಶಿಲುಬೆಯ ಹಿಂದೆ, ಹುಣಸೆಮರದ ನೆರಳಿನಲ್ಲಿ ಗಾಲಿಕುರ್ಚಿ ಇತ್ತು. ಅದರಲ್ಲಿ ಬಿಳಿ ಅಂಗಿಯ ಒಬ್ಬ ಮುದುಕರು, ಪಕ್ಕದಲ್ಲಿ ಇಳಕಲ್ ಸೀರೆಯ ಒಬ್ಬ ಹೆಂಗಸು. ಇಷ್ಟು ವಾರ ನಾನು ಅವರನ್ನು ನೋಡಿಯೇ ಇರಲಿಲ್ಲ. ಆ ತಿರುವು ಬಂತೆಂದರೆ ನನ್ನ ಕಣ್ಣು ವೈಪರಿಗೇ ಅಂಟಿರುತ್ತಿತ್ತು. ನಾವು ಇಳಿದದ್ದೇ ತಡ, ಮುದುಕರು ಬಲಗೈ ಎತ್ತಿ ಕಾರಿನ ಕಡೆ ತೋರಿಸುತ್ತ ಏನೋ ಹೇಳಲು ಹೆಣಗಿದರು. ಬಾಯಿ ಒಂದೇ ಕಡೆಗೆ ಆಡುತ್ತಿತ್ತು, ಮಾತು ಬರಲಿಲ್ಲ.

ಆ ಹೆಂಗಸಿನ ಹೆಸರು ಶಾಂತವ್ವ, ಮುದ್ದೇಬಿಹಾಳ ಕಡೆಯವಳು. ಅವರ ಮನೆಯಲ್ಲಿ ಏಳೆಂಟು ವರ್ಷದಿಂದ ಕೆಲಸಕ್ಕಿದ್ದಳು. ನಮ್ಮ ಕನ್ನಡ ಕೇಳಿ ಅವಳ ಮುಖ ಅರಳಿತು.

"ಅವರದ ಗಾಡಿ ಐತ್ರಿ ಇದು," ಎಂದಳು. "ಬಿಸಲಾಗೂ ಗಾಜ ಒರಸ್ಕೋತ ಮನಿಗೆ ತಿರಗವ್ರು. ಊರ ಮಂದಿ ಎಲ್ಲಾ ನಗತಿದ್ರು, ಇವ್ರೂ ನಗತಿದ್ರು."

ಉಳಿದದ್ದನ್ನು ಅವಳು ಬಿಡಿಬಿಡಿಯಾಗಿ ಹೇಳಿದಳು, ನಾನು ಜೋಡಿಸಿಕೊಂಡೆ. ಮುದುಕರ ಹೆಸರು ಇನಾಸ್. ಮೂವತ್ತು ವರ್ಷ ಕುವೈತಿನಲ್ಲಿ ಡ್ರೈವರ್ ಆಗಿದ್ದರು. ಅಲ್ಲಿ ಸ್ಟೀರಿಂಗ್ ಎಡಕ್ಕೆ, ಸಿಗ್ನಲ್ ಕಡ್ಡಿಯೂ ಎಡಗೈಗೇ. ಊರಿಗೆ ಬಂದು ಮಗನ ಹೆಸರಿನಲ್ಲಿ ಕೊಂಡ ಈ ಜಪಾನಿ ಗಾಡಿಯಲ್ಲಿ ಎಡಗೈಗೆ ಸಿಗುವುದು ವೈಪರ್. ಮೂವತ್ತು ವರ್ಷದ ಕೈ ಹೊಸ ಪಾಠ ಕಲಿಯಲಿಲ್ಲ. ಇದೇ ತಿರುವಿನಲ್ಲಿ, ದಿನವೂ, ಸಿಗ್ನಲ್ ಹಾಕಲು ಹೋಗಿ ವೈಪರ್ ಆಡಿಸಿ ಮನೆಗೆ ತಿರುಗುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು, ಹಡಗಿಗೆ ಹೊರಟಿದ್ದ ಮಗ ಗಾಡಿ ಮಾರಿದ. ಈಗ ಟೀಚರ್ ಆಗಿರುವ ಮಗಳ ಜೊತೆ ಇದ್ದಾರೆ. ಮಗಳು ಶಾಲೆಗೆ ಹೋದ ಮೇಲೆ ಶಾಂತವ್ವ ಅವರನ್ನು ಬಿಸಿಲೇರುವ ತನಕ ಇಲ್ಲಿ ತಂದು ಕೂರಿಸುತ್ತಾಳೆ.

ಯಾವಾಗಿನಿಂದ ಎಂದು ಕೇಳಿದೆ. ಫೆಬ್ರವರಿಯಿಂದ ಎಂದಳು. ಮಂಗಳವಾರ, ಶುಕ್ರವಾರ ಬಂತೆಂದರೆ ಬೇಗ ಹೊರಡಲು ಬಾಗಿಲ ಕಡೆ ಕೈ ತೋರಿಸಿ ಗದ್ದಲ ಮಾಡುತ್ತಾರಂತೆ. ನಾನು ಕಸ್ತೂರಿಯ ಮುಖ ನೋಡಲಿಲ್ಲ, ಅವಳೂ ನನ್ನ ಮುಖ ನೋಡಲಿಲ್ಲ.

ಮುದುಕರು ಇನ್ನೂ ಕೈ ಚಾಚಿಕೊಂಡೇ ಇದ್ದರು. "ಒಂದ ಸಲ ಒಳಗ ಕುಂದರಸ್ತೀರೇನ್ರಿ?" ಎಂದು ಶಾಂತವ್ವ ಕೇಳಿದಳು. ಡ್ರೈವರ್ ಸೀಟಿಗೆ ಬೇರೆಯವರನ್ನು ನಾನು ಎಂದೂ ಕೂರಿಸಿದವನಲ್ಲ, ಒಂದು ಕ್ಷಣ ಹಿಂಜರಿದೆ. ಆಮೇಲೆ ಮೂವರೂ ಸೇರಿ ಎತ್ತಿ ಕೂರಿಸಿದೆವು. ಕೀ ನನ್ನ ಕೈಯಲ್ಲೇ ಇತ್ತು. ಅವರು ಬಲಗೈಯಿಂದ ಸ್ಟೀರಿಂಗನ್ನು ಸುತ್ತಲೂ ಸವರಿದರು. ನಂತರ ಅದೇ ಬಲಗೈಯಿಂದ, ತೊಡೆಯ ಮೇಲೆ ಸತ್ತು ಬಿದ್ದಿದ್ದ ಎಡಗೈಯನ್ನು ಎತ್ತಿ, ಎಡಗಡೆಯ ಕಡ್ಡಿಯ ಮೇಲಿಟ್ಟು ಒತ್ತಿದರು. ವೈಪರ್ ಅಲುಗಲಿಲ್ಲ. ಹೇಗೆ ಅಲುಗೀತು, ಕೀ ಇಲ್ಲ, ಫ್ಯೂಸ್ ಇಲ್ಲ. ಮತ್ತೊಮ್ಮೆ ಒತ್ತಿದರು. ನನ್ನ ಕಡೆ ತಿರುಗಿ ನೋಡಿದರು.

ನನ್ನ ಪರೀಕ್ಷೆ, ನನ್ನ ಸಾಕ್ಷಿ, ಎಲ್ಲ ಆ ಜೇಬಿನಲ್ಲಿತ್ತು. ಬಗ್ಗಿ ಫ್ಯೂಸನ್ನು ಅದರ ಜಾಗಕ್ಕೆ ಒತ್ತಿ ಕೀ ತಿರುಗಿಸಿದೆ. ಅವರು ಎಡಗೈಯನ್ನು ಮೂರನೇ ಸಲ ತಳ್ಳಿದರು. ವೈಪರ್ ಕಿರ್ರೆಂದು ಓಡಿತು. ಇನಾಸ್ ಅಂಕಲ್ ಅರ್ಧ ಬಾಯಿಯಲ್ಲಿ ನಕ್ಕರು, ಎರಡೂ ಕಣ್ಣಲ್ಲಿ ನೀರು ಬಂತು. ನನಗೂ ಬಂತು.

ವಾಪಸು ಬರುವಾಗ ದಾರಿಯ ಅರ್ಧಕ್ಕೆ ಕಸ್ತೂರಿ ಬಾಯಿ ತೆರೆದಳು. "ಗಾಡಿ ಮಾರೂದು ಬ್ಯಾಡ್ರಿ," ಎಂದಳು.  ಯುಗಾದಿಯ ದಿನ ಮಗಳನ್ನು ಅವಳೇ ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡಳು.

ಅಲ್ಲಿಂದ ಮುಂದೆ ಮಂಗಳವಾರ, ಶುಕ್ರವಾರ ಹುಣಸೆಮರದ ಕೆಳಗೆ ಐದು ನಿಮಿಷ ಗಾಡಿ ನಿಲ್ಲಿಸಿ ಅಂಕಲ್‌ರನ್ನು ಒಳಗೆ ಕೂರಿಸುವುದು ರೂಢಿಯಾಯಿತು. ವೈಪರ್ ತಾನಾಗಿ ಮತ್ತೆ ಒಂದು ದಿನವೂ ಓಡಲಿಲ್ಲ. ನಾನು ತಪ್ಪು ಹುಡುಕುವುದನ್ನೂ ಬಿಟ್ಟೆ. ಬಿಟ್ಟೆ ಎಂದರೆ ಸುಳ್ಳಾದೀತು, ಬಾನೆಟ್ ತೆಗೆದಾಗಲೆಲ್ಲ ಕೈ ಆ ವೈರಿನ ಕಡೆಗೇ ಹೋಗುತ್ತದೆ. ಫ್ಯೂಸ್ ಇಲ್ಲದೆ ಮೋಟರ್ ತಿರುಗುವ ದಾರಿ ಒಂದಾದರೂ ಇದ್ದರೆ ಬಲ್ಲವರು ನನಗೆ ತಿಳಿಸಲಿ. ನಾನು ಹುಡುಕಿ ಸೋತಿದ್ದೇನೆ.

ಮಳೆಗಾಲದಲ್ಲಿ ಅದಿರಿನ ಲಾರಿಗಳು ನಿಲ್ಲುತ್ತವೆ, ನನಗೂ ಸಾವರ್ಡೆಗೆ ಹೋಗುವ ಕೆಲಸ ಇರುವುದಿಲ್ಲ. ಎರಡನೇ ವರ್ಷದ ಜುಲೈಯಲ್ಲಿ ಶಾಂತವ್ವನ ಫೋನ್ ಬಂತು. ಅಂಕಲ್ ತೀರಿಕೊಂಡು ನಾಲ್ಕು ದಿನವಾಗಿತ್ತು. ಶುಕ್ರವಾರ, ಬೆಳಗಿನ ಒಂಬತ್ತೂವರೆ ಸುಮಾರಿಗೆ ಎಂದಳು. ನಾನು ಫೋನ್ ಇಟ್ಟ ಮೇಲೆ ಕಸ್ತೂರಿ, ಅವತ್ತು ಆ ಹೊತ್ತಿನಲ್ಲಿ ಗಾಡಿಯಲ್ಲೇನಾದರೂ ಆಯಿತೇ ಎಂದು ಕೇಳಿದಳು.

ಅವತ್ತಿನ ಹೊತ್ತನ್ನು ಲೆಕ್ಕ ಹಾಕಿ ನೋಡಿದೆ. ಆ ಹೊತ್ತಿಗೆ ನಾನು ಕೊರ್ತಾಲಿಮ್ ಬಿಟ್ಟು ಸೇತುವೆ ಏರಿದ್ದೆ. ಎದುರಿನ ಲಾರಿ ಕಾಣದಷ್ಟು ಮಳೆ. ವೈಪರ್ ಬೆಳಗಿನಿಂದ ಓಡುತ್ತಲೇ ಇತ್ತು.